ಕುದ್ರುವಿನಲ್ಲಿ ಕೆರೆ ಕಟ್ಟಿದ ನೀರಗಂಟಿ

ನಮ್ಮ ಕಡೆಯ ಜನರನ್ನು ಮದುವೆಗೆ ಕರೆದುಕೊಂಡು ಹೋದರೆ ಕೈಗೆ ಕೆಲಸ ಕೊಡದೆ ಕೂರಿಸಬಾರದು. ಊಟ ತಡವಾದರೆ ತಡೆದುಕೊಳ್ಳುತ್ತಾರೆ, ಚಾಪೆ ಸಾಲದಿದ್ದರೆ ಪಂಚೆ ಹಾಸಿಕೊಂಡು ಮಲಗುತ್ತಾರೆ. ಆದರೆ ಕೈ ಖಾಲಿ ಬಿಟ್ಟಿರೋ, ಬಾಯಿಗೆ ಕೆಲಸ ಶುರು. ಯಾರ ಎಲೆಗೆ ಇಡೀ ಹಪ್ಪಳ ಬಿತ್ತು, ಯಾರ ಎಲೆಗೆ ಮುರಿದ ಹಪ್ಪಳ ಬಿತ್ತು ಎಂಬ ಒಂದೇ ಮಾತಿಗೆ ಒಂದು ನಿಶ್ಚಿತಾರ್ಥ ಮುರಿದುಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಹೆಸರು ಲಕ್ಷ್ಮೀದೇವಿ. ಶಿರಾದಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಮದುವೆ ಮನೆಗಳ ಒಳಗುಟ್ಟನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಹೇಳಹೊರಟಿರುವುದು ನಮ್ಮ ರಂಗಮಾವನ ಕಥೆ. ಪೂರ್ತಿ ಹೆಸರು ದೊಡ್ಡರಂಗಪ್ಪ. ಚನ್ನರಾಯನದುರ್ಗದ ಬೆಟ್ಟದ ಕೆಳಗಿನ ಒಂದು ಕೆರೆಗೆ ಅವನು ನೀರಗಂಟಿ. ಅಂದರೆ ಕೆರೆಯ ತೂಬು ತೆಗೆಯುವವನು, ಮುಚ್ಚುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನ ಹೇಳುವವನು. ಅರವತ್ತೆಂಟು ವರ್ಷ, ಒಣಕಲು ಮೈ, ಹೆಗಲ ಮೇಲೆ ಯಾವಾಗಲೂ ಒಂದು ಗುದ್ದಲಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರಿಗಾಲಲ್ಲಿ ಕೆರೆ ಏರಿಯ ಮೇಲೆ ನಡೆಯುತ್ತಾನೆ. ಏಡಿ ಎಲ್ಲಿ ತೂತು ಕೊರೆದಿದೆ, ನೀರು ಎಲ್ಲಿ ಜಿನುಗುತ್ತಿದೆ ಎಂಬುದು ಅವನ ಅಂಗಾಲಿಗೆ ಗೊತ್ತಾಗುತ್ತದಂತೆ. ಈಚೆಗೆ ಆ ದೊಡ್ಡ ಮಳೆಯ ವರ್ಷ ಅಕ್ಕಪಕ್ಕದ ಎರಡು ಕೆರೆ ಒಡೆದಾಗಲೂ ಇವನ ಏರಿ ಅಲುಗಲಿಲ್ಲ. ನಾಲ್ಕು ದಿನ ಅವನು ಏರಿಯಿಂದ ಇಳಿಯದೆ, ಮುದ್ದೆಯನ್ನು ಅಲ್ಲಿಗೇ ತರಿಸಿಕೊಂಡು ತಿಂದ.

ಅವನ ತಂಗಿಯ ಮಗಳು ಆಶಾರಾಣಿ. ತಂಗಿ ತೀರಿಹೋದಾಗ ಆಶಾಗೆ ಐದು ವರ್ಷ. ಅವಳ ಅಪ್ಪ ಗಂಗಾಧರಯ್ಯ ನನಗೆ ಚಿಕ್ಕಪ್ಪ. ಮಗಳ ಮೇಲೆ ಪ್ರಾಣ ಇಟ್ಟುಕೊಂಡ ಮನುಷ್ಯ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ವಿದ್ಯೆ ಕಲಿತವನಲ್ಲ. ಸಿಡುಕು ಮಾತ್ರ ಚೆನ್ನಾಗಿ ಕಲಿತಿದ್ದ. ಹಾಗಾಗಿ ಆಶಾಗೆ ಸೊಟ್ಟ ಜಡೆ ಹಾಕಿ ಶಾಲೆಗೆ ಬಿಟ್ಟವನು, ಜ್ವರ ಬಂದಾಗ ಹೊತ್ತುಕೊಂಡು ಓಡಿದವನು ರಂಗಮಾವ. ಹುಡುಗಿ ಓದಿ ಕೊರಟಗೆರೆಯಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿ, ಅಲ್ಲೇ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಪ್ರಸನ್ನ ಕುಮಾರ್‌ನನ್ನು ಮೆಚ್ಚಿಕೊಂಡಳು. ಅವನು ಕುಂದಾಪುರದ ಕಡೆಯ ಒಂದು ಕುದ್ರುವಿನವನು. ಹೊಳೆ ಸಮುದ್ರ ಸೇರುವಲ್ಲಿ ನಾಲ್ಕೂ ಕಡೆ ನೀರು ಸುತ್ತಿಕೊಂಡ ತುಂಡು ನೆಲಕ್ಕೆ ಅಲ್ಲಿಯವರು ಕುದ್ರು ಅನ್ನುತ್ತಾರೆ.

ಚಿಕ್ಕಪ್ಪ ಕೆಂಡವಾದ. ನಮ್ಮ ಜನವಲ್ಲ, ನಮ್ಮ ಊಟವಲ್ಲ, ಮನೆಗೆ ಹೋಗಬೇಕಾದರೆ ದೋಣಿ ಹತ್ತಬೇಕು, ಇದ್ಯಾವ ಸಂಬಂಧ ಎಂದ. ರಂಗಮಾವ ಬಂದು ಚಿಕ್ಕಪ್ಪನ ಜಗಲಿಯ ಮೇಲೆ ಕೂತವನು ಮೂರು ದಿನ ಏಳಲಿಲ್ಲ. ಕೊನೆಗೆ ಚಿಕ್ಕಪ್ಪನೇ ಸೋತ.

"ಆಯ್ತು ಭಾವ, ನಿನ್ ಮಾತಿಗೆ ಒಪ್ಪಿದೀನಿ. ಆದ್ರೆ ಅಲ್ಲಿ ಒಂದೇ ಒಂದು ಕುಂದು ಕಂಡ್ರೂ ನನ್ ಮಗಳ್ನ ಹಸೆಯಿಂದ ಎಬ್ಬಿಸ್ಕೊಂಡು ಬಂದ್ಬುಡ್ತೀನಿ."

"ಕುಂದು ಬರಾಕಿಲ್ಲ ಕಣ್ಲಾ ಗಂಗಾಧರ. ನಾನಿದೀನಿ," ಅಂದ ರಂಗಮಾವ.

ನಮ್ಮಲ್ಲಿ ಮದುವೆ ಗಂಡಿನ ಮನೆಯಲ್ಲೇ. ಅರವತ್ತು ಜನ ಒಂದು ಬಸ್ಸು ತುಂಬಿಕೊಂಡು ಹೊರಟೆವು. ಹೊಳೆಯ ದಡದಲ್ಲಿ ಬಸ್ಸು ನಿಂತಾಗ ಪ್ರಸನ್ನ ಎದುರುಗೊಂಡು ಎಲ್ಲರಿಗೂ ಒಂದೊಂದು ಚೀಟಿ ಹಂಚಿದ. ಇನ್ನು ಮುಹೂರ್ತದವರೆಗೆ ಗಂಡು ಹೆಣ್ಣು ಮುಖ ನೋಡಬಾರದೆಂದು ಅವನು ದಡದಲ್ಲೇ ತನ್ನ ಸೋದರತ್ತೆಯ ಮನೆಯಲ್ಲಿ ಉಳಿಯುವವನಿದ್ದ. ಅತಿಥಿಗಳಿಗೆ ಬೇಜಾರಾಗಬಾರದೆಂದು ಪಾಪ, ಚೀಟಿಯಲ್ಲಿ ಮುದ್ದಾಗಿ ಬರೆಸಿದ್ದ: ಕುದ್ರುವಿನ ಸುತ್ತ ನಡಿಗೆ, ಚಿಪ್ಪು ಆರಿಸುವುದು, ಹಕ್ಕಿ ನೋಡುವುದು, ತೆಂಗಿನ ಮರಕ್ಕೆ ಕಟ್ಟಿದ ಬಲೆಯಲ್ಲಿ ಮಲಗುವುದು, ಸೂರ್ಯಾಸ್ತ ನೋಡುವುದು.

ದೋಣಿಯಲ್ಲಿ ಕುದ್ರು ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ನೀರು ತುಂಬಿ ತುಳುಕುತ್ತಿತ್ತು. ಮನೆಯ ಪಕ್ಕದಲ್ಲೇ ಒಂದು ಹಳ್ಳ ಒಳಗೆ ಹರಿದು ಬಂದಿತ್ತು, ಅದರ ದಡಕ್ಕೆ ಹೊಂದಿಕೊಂಡ ಅಂಗಳದಲ್ಲಿ ಮದುವೆಯ ಚಪ್ಪರ. ರಂಗಮಾವ ದೋಣಿಯಿಂದ ಇಳಿದು, ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ. "ಇಷ್ಟು ನೀರು ನೋಡಿ ಹೆಣ್ಣು ಕೊಡದೆ ಇನ್ನೇನು ನೋಡಿ ಕೊಡ್ತೀಯಾ?" ಎಂದು ಚಿಕ್ಕಪ್ಪನನ್ನು ಚುಚ್ಚಿದ. ಚಿಕ್ಕಪ್ಪ ಉಪ್ಪು ಕಣೋ ಅದು ಎಂದು ಮುಖ ತಿರುಗಿಸಿದ.

ಊಟಕ್ಕೆ ಕುಚ್ಚಲಕ್ಕಿ ಅನ್ನ. ನಮ್ಮ ಪಾಪಕ್ಕ, ಎಪ್ಪತ್ತು ದಾಟಿದ ಸೋಬಾನೆ ಹಾಡುಗಾರ್ತಿ, ಯಾವ ಮದುವೆಯಲ್ಲೂ ಹಾಡಿಗಿಂತ ದೂರೇ ಜಾಸ್ತಿ ಹೇಳುವವಳು, ಒಂದು ಅಗುಳನ್ನು ಬೆರಳಲ್ಲಿ ಎತ್ತಿ ಹಿಡಿದು ಕೇಳಿದಳು: "ಇದೇನವ್ವ, ಅನ್ನನಾ ಕಡ್ಲೆಬೀಜನಾ?" ಪಂಕ್ತಿಯೆಲ್ಲ ನಕ್ಕಿತು. ನಾನು ಮಾತ್ರ ಚಿಕ್ಕಪ್ಪನ ಮುಖ ನೋಡಿದೆ. ನಗು ಹೀಗೇ ಶುರುವಾಗಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನನಗೆ ಗೊತ್ತಿಲ್ಲವೆ?

ಊಟವಾದ ಮೇಲೆ ಚೀಟಿ ತೆಗೆದು ಓದಿದೆ.

"ನಡಿಗೆನಾ? ಯಾಕೆ, ಎಮ್ಮೆ ಏನಾದ್ರೂ ಕಳ್ದೋಗೈತಾ?" ಅಂದ ಒಬ್ಬ.

"ಹಕ್ಕಿ ನೋಡಿ ಏನ್ ಮಾಡಾದು, ಸಾರು ಮಾಡಕ್ಕಾಗತ್ತಾ?" ಅಂದ ಇನ್ನೊಬ್ಬ.

"ಸೂರ್ಯ ನಮ್ಮೂರಾಗೂ ದಿನಾ ಮುಳುಗ್ತಾನೆ ಕಣಮ್ಮ. ಅದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಅಂದಳು ಪಾಪಕ್ಕ.

ಬಲೆಯಲ್ಲಿ ಮಲಗಲು ಹೋದ ನಮ್ಮೂರ ಚನ್ನಮಲ್ಲಯ್ಯ ಮೊಸಳೆಯಂತೆ ಸಿಕ್ಕಿಕೊಂಡು, ನಾಲ್ಕು ಜನ ಬಿಡಿಸಬೇಕಾಯಿತು. ಅಲ್ಲಿಗೆ ಚೀಟಿ ಮುಗಿಯಿತು. ಎರಡು ಗಂಟೆಯ ಹೊತ್ತಿಗೆ ಎಲ್ಲರೂ ಜಗಲಿಯಲ್ಲಿ ಕೂತು, ಬೀಗರು ಕಾಲಿಗೆ ನೀರು ಕೊಡುವಾಗ ಮೊದಲು ಯಾರಿಗೆ ಕೊಟ್ಟರು ಎಂಬ ವಿಷಯ ಎತ್ತಿಕೊಂಡರು. ಚಿಕ್ಕಪ್ಪನ ಕಿವಿ ನಿಮಿರಿತು. ಒಳಗೆ ಆಶಾ ನನ್ನ ಕೈ ಹಿಡಿದುಕೊಂಡು, "ಅಕ್ಕ, ಹೆಂಗಾದ್ರೂ ಮಾಡಿ ನಾಳೆ ಬೆಳಗಿನ ತಂಕ ಇವರ ಬಾಯಿ ಮುಚ್ಚಿಸು," ಎಂದು ಅಳುವಂತಾದಳು.

ಆಗಲೇ ಹೊರಗಿನಿಂದ ರಂಗಮಾವನ ಕೂಗು ಬಂತು.

"ಅಯ್ಯಯ್ಯೋ! ಬರ್ರೋ! ನೀರು ಹೊಂಟೋಯ್ತಾ ಐತೆ!"

ಓಡಿ ಹೋಗಿ ನೋಡಿದರೆ ಹೌದು! ಮಧ್ಯಾಹ್ನ ತುಂಬಿ ನಿಂತಿದ್ದ ಹಳ್ಳ ಮೊಣಕಾಲಿಗೆ ಇಳಿದಿತ್ತು. ನೀರು ಸರಸರನೆ ಹೊಳೆಯ ಕಡೆ ಓಡುತ್ತಿತ್ತು. ದೋಣಿಗಳು ಕೆಸರಿನ ಮೇಲೆ ಓರೆಯಾಗಿ ಮಲಗಿದ್ದವು. ನಾನು ಹತ್ತನೇ ಕ್ಲಾಸಿನಲ್ಲಿ ಸಮುದ್ರದ ಭರತ ಇಳಿತದ ಬಗ್ಗೆ ಬರೆದು ಎರಡು ಅಂಕ ತೆಗೆದುಕೊಂಡವಳು. ಆ ಹೊತ್ತಿನಲ್ಲಿ ನೆನಪಾದರೆ ತಾನೆ! ಅರವತ್ತು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ಸೀಮೆಯಲ್ಲಿ ನೀರು ಇಳಿಯಿತು ಅಂದರೆ ಒಂದೇ ಅರ್ಥ, ಎಲ್ಲೋ ಏರಿ ಒಡೆದಿದೆ. ಹೋದ ನೀರು ಮತ್ತೆ ಬಂದದ್ದನ್ನು ನಾವು ಯಾರು ಕಂಡಿದ್ದೇವೆ?

"ಯಾವನೋ ಮುಂಡೇಗಂಡ ಕೆಳಗೆ ತೂಬು ತೆಗ್ದವ್ನೆ," ಅಂದ ರಂಗಮಾವ. "ಹುಡುಗಿ ಮನೆ ತುಂಬೋ ದಿನ ನೀರು ಖಾಲಿಯಾದ್ರೆ ಏಳಿಗೆ ಆದಂಗೇ! ಏಳ್ರಿ, ಕಟ್ರಿ!"

ಆಹಾ, ಆ ಮೇಲಿನ ಮೂರು ಗಂಟೆ! ಜಗಲಿ ಖಾಲಿ. ಕಾಂಪೌಂಡು ಕಟ್ಟಿಸಲೆಂದು ಬೀಗರು ರಾಶಿ ಹಾಕಿಸಿದ್ದ ಕೆಂಪುಕಲ್ಲು, ಖಾಲಿ ಸಿಮೆಂಟು ಚೀಲ, ತೆಂಗಿನ ಮಟ್ಟೆ, ಗರಿ, ಕಣ್ಣಿಗೆ ಬಿದ್ದದ್ದೆಲ್ಲ ಹಳ್ಳದ ಬಾಯಿಗೆ ಹೋಯಿತು. ಗಂಡಸರು ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದರು. ಹೆಂಗಸರು ಬಾಂಡಲಿಯಲ್ಲಿ ಮಣ್ಣು ಹೊತ್ತರು. ಪಾಪಕ್ಕ ದೂರು ಹೇಳುವುದನ್ನು ಮರೆತು ಹಾಡಲು ನಿಂತಳು. ಜಾರಿ ಬಿದ್ದವರೆಷ್ಟೋ, ಬಿದ್ದವರನ್ನು ನೋಡಿ ನಗುತ್ತಾ ತಾವೂ ಬಿದ್ದವರೆಷ್ಟೋ. ನಾನು ಹೊಸ ಸೀರೆಯಲ್ಲೇ ಎರಡು ಸಲ ಬಿದ್ದೆ, ಮೂರನೆಯ ಸಲ ಬೇಕೆಂದೇ ಬಿದ್ದೆ. ರಂಗಮಾವ ಮೇಲೆ ನಿಂತು ಕೈಬೀಸುತ್ತಾ, ಕಲ್ಲು ಇಲ್ಲಿ, ಜೇಡಿ ಅಲ್ಲಿ, ತುಳೀರಿ ತುಳೀರಿ ಎಂದು ಕೂಗುತ್ತಿದ್ದ. ಕಲ್ಲು ಜೋಡಿಸುವುದರಲ್ಲಿ ಎಲ್ಲರಿಗಿಂತ ಮುಂದೆ ಯಾರು ಅಂತೀರಿ? ನಮ್ಮ ಚಿಕ್ಕಪ್ಪ! ಆರು ತಿಂಗಳ ಮೇಲೆ ಅವನ ಹಲ್ಲು ಕಂಡದ್ದು ಅವತ್ತೇ.

ಅಡುಗೆ ಮನೆಯಲ್ಲಿದ್ದ ಪ್ರಸನ್ನನ ತಾಯಿ ಗಲಾಟೆ ಕೇಳಿ ಹೊರಗೆ ಬಂದಾಗ ಏರಿ ಸೊಂಟದೆತ್ತರಕ್ಕೆ ಎದ್ದಿತ್ತು. ಆಕೆ ಒಂದು ಸಲ ಏರಿಯನ್ನು, ಒಂದು ಸಲ ತನ್ನ ಕಾಂಪೌಂಡಿನ ಕಲ್ಲಿನ ರಾಶಿ ಇದ್ದ ಜಾಗವನ್ನು ನೋಡಿದಳು.

"ಇದ್ ಎಂತ ಮಾರಾಯ್ರೆ, ನಿಮ್ಮ್ ಬದಿ ಶಾಸ್ತ್ರವಾ?" ಎಂದು ಮೆಲ್ಲಗೆ ಕೇಳಿದಳು.

"ಹೂಂ ಕಣವ್ವ, ಶಾಸ್ತ್ರನೇ," ಎಂದುಬಿಟ್ಟಳು ಪಾಪಕ್ಕ, ಹಾಡು ನಿಲ್ಲಿಸಲು ಮನಸ್ಸಿಲ್ಲದೆ.

ಬೀಗರ ಶಾಸ್ತ್ರಕ್ಕೆ ಅಡ್ಡಿ ಬರಬಾರದಲ್ಲ. ಪುಣ್ಯಾತ್ಗಿತ್ತಿ ಒಳಗೆ ಹೋಗಿ ಅರಿಶಿನ ಕುಂಕುಮ ತಂದು ಏರಿಗೆ ಹಚ್ಚಿ, ಎಲ್ಲರಿಗೂ ಬೆಲ್ಲದ ಪಾನಕ ಕೊಟ್ಟಳು. ಅವತ್ತು ರಾತ್ರಿ ಅದೇ ಕುಚ್ಚಲಕ್ಕಿ ಅನ್ನವನ್ನು ನಮ್ಮವರು ಮೂರು ಮೂರು ಸಲ ಹಾಕಿಸಿಕೊಂಡು ಉಂಡು, ಬಿದ್ದಲ್ಲೇ ನಿದ್ದೆ ಹೋದರು.

ಬೆಳಿಗ್ಗೆ ಆರೂವರೆಗೆ ಮೊದಲು ಎದ್ದವಳು ಪಾಪಕ್ಕ.

"ಕೆರೆ ತುಂಬೈತೆ ಕಣ್ರೋ! ಬಂದು ನೋಡ್ರೋ!"

ನಾವು ಕಣ್ಣುಜ್ಜಿಕೊಳ್ಳುತ್ತಾ ಹಿತ್ತಲ ದಾರಿಯಲ್ಲಿ ಏರಿಗೆ ಓಡಿದೆವು. ಹೊರಗಡೆ ಹೊಳೆಯ ತನಕ ಬರೀ ಕೆಸರು. ಏರಿಯ ಒಳಗಡೆ ಕಂಠಮಟ್ಟ ನೀರು, ಮೇಲೆ ಬೆಳಗಿನ ಬಿಸಿಲು! ಎಲ್ಲಿಂದ ಬಂತು, ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ತುಂಬಿದ ಕೆರೆಯನ್ನು ಯಾರಾದರೂ ಹಾಗೆ ಕೇಳುತ್ತಾರೆಯೆ? ರಂಗಮಾವ ಏರಿಯ ಮೇಲೆ ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆದ, ಆ ತುದಿಯಿಂದ ಈ ತುದಿಗೆ ನಡೆದ. "ಒಂದು ತೊಟ್ಟು ಜಿನುಗ್ತಾ ಇಲ್ಲ ಕಣ್ರಮ್ಮಾ," ಎಂದ. ಬೇರೆಯವರು ಕಟ್ಟಿದ ಕೆರೆಯನ್ನು ಕಾಯುತ್ತಾ ಮುದುಕನಾದವನು. ತಾನೇ ಕಟ್ಟಿದ ಕೆರೆ ತುಂಬಿದ್ದನ್ನು ನೋಡಿದ್ದು ಇದೇ ಮೊದಲು. ಕೆರೆ ತುಂಬಿದರೆ ಬಾಗಿನ ಕೊಡಬೇಕು, ಹೆಂಗಸರು ಮದುವೆಗೆಂದು ತಂದಿದ್ದ ಮೊರದ ಬಾಗಿನಗಳಲ್ಲೇ ಎರಡನ್ನು ತಂದು ನೀರಿಗೆ ಬಿಟ್ಟರು. ಚನ್ನಮಲ್ಲಯ್ಯ ಟವೆಲ್ ಬೀಸುತ್ತಾ ಕುಣಿದ.

ಅಷ್ಟರಲ್ಲಿ ಮನೆಯ ಕಡೆಯಿಂದ ಪ್ರಸನ್ನನ ತಾಯಿ ಅಯ್ಯೋ ದೇವರೇ ಎಂದದ್ದು ಕೇಳಿಸಿತು.

ಚಪ್ಪರದಲ್ಲಿ ಪಾದ ಮುಳುಗುವಷ್ಟು ನೀರು. ಹಸೆಮಣೆ ತೇಲುತ್ತಾ ಹೋಗಿ ಬಾಳೆಕಂಬಕ್ಕೆ ಬಡಿಯುತ್ತಿತ್ತು. ರಂಗೋಲಿ ಕರಗಿ ಬಣ್ಣದ ನೀರಾಗಿತ್ತು. ಪುರೋಹಿತರು ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದರು. ಮುಹೂರ್ತ ಎಂಟೂವರೆಗೆ.

"ಹುಣ್ಣಿಮಿ ನೀರ್ ರಾತ್ರಿ ಅಂಗಳದ ತುದಿ ಮುಟ್ಟಿ, ಬೆಳಕಾಪುದ್ರೊಳಗ್ ಇಳುದ್ ಹೋತ್," ಎಂದು ಆಕೆ ಬಿಡಿಸಿ ಹೇಳಿದಳು. ಸಮುದ್ರದ ನೀರು ದಿನಕ್ಕೆ ಎರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ. ಲೋಕ ಹುಟ್ಟಿದಾಗಿನಿಂದ ಹಾಗೇ. ನಿನ್ನೆ ರಾತ್ರಿ ಏರಿ ಹತ್ತಿ ಒಳಗೆ ಬಂದ ನೀರಿಗೆ ಹೋಗಲು ದಾರಿಯಿಲ್ಲ, ಅಷ್ಟೇ.

ರಂಗಮಾವ ಕೇಳಿಸಿಕೊಂಡ. "ಹಂಗಾದ್ರೆ ಯಾರೂ ತೂಬು ತೆಗ್ದಿರ್ಲಿಲ್ವಾ?" ಎಂದು ಕೇಳಿ ಅಲ್ಲೇ ಕುಕ್ಕರಿಸಿದ.

ಚಿಕ್ಕಪ್ಪ ಚಪ್ಪರದ ನಡುವೆ ಬಂದು ನಿಂತ. "ಹಸೆ ಮೇಲೆ ನೀರು. ಇದಕ್ಕಿಂತ ಕುಂದು ಇನ್ಯಾವುದು? ಲೇ ಆಶಾ, ಸೀರೆ ಬದಲಾಯ್ಸು. ದೋಣಿ ಬಂದ ತಕ್ಷಣ ಹೊರಡಾದೇ."

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲಾ ಚಿಕ್ಕಪ್ಪ, ಆ ಏರಿಗೆ ಕಲ್ಲು ಜೋಡಿಸ್ದೋರು ಯಾರು? ಬೀಗರಾ?" ಎಂದು ಎಲ್ಲರ ಮುಂದೆ ಕೇಳಿಬಿಟ್ಟೆ. ಅವನು ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ನಿನ್ನೆಯ ಕೆಸರು ಹಾಗೇ ಇತ್ತು.

"ಒಡೀಬೇಕು," ಎಂದು ರಂಗಮಾವ ಎದ್ದ. "ಒಡೆದ್ರೆ ಅರ್ಧ ಗಂಟೆಗೆ ಖಾಲಿ ಆಗತ್ತೆ."

ನಮ್ಮವರೆಲ್ಲ ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಯಾರೊಬ್ಬರೂ ಗುದ್ದಲಿ ಮುಟ್ಟಲಿಲ್ಲ. ಈಗಷ್ಟೇ ಬಾಗಿನ ಕೊಟ್ಟ ಕೆರೆ. ಅದೂ ಅಲ್ಲದೆ ನೀರು ಬಿಡುವ ಹಕ್ಕು ನೀರಗಂಟಿಯದು. ರಂಗಮಾವ ಗುದ್ದಲಿ ಹಿಡಿದು ಏರಿಯ ನಡುವೆ ನಿಂತ. ಎತ್ತಿದ, ಇಳಿಸಿದ. ಮತ್ತೆ ಎತ್ತಿದ, ಮತ್ತೆ ಇಳಿಸಿದ. ತೂಬು ತೆಗೆಯುವುದು ಬೇರೆ, ಏರಿಗೆ ಗುದ್ದಲಿ ಹಾಕುವುದು ಬೇರೆ. ಅವನಪ್ಪ, ಅವನ ತಾತ ಯಾರೂ ಮಾಡದ ಕೆಲಸ. ಏರಿಗೆ ಗುದ್ದಲಿ ಇಟ್ಟ ಕೈ ಅನ್ನ ಕಲಸಬಾರದು ಎಂದು ಹೇಳಿಸಿಕೊಂಡು ಬೆಳೆದವನು. ಯಾರಿಗೂ ನಗು ಬರಲಿಲ್ಲ.

ಆಗ ಆಶಾ ಬಂದಳು. ಧಾರೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದುಕೊಂಡು, ಬಾಸಿಂಗ ಒಂದು ಕಡೆ ವಾಲಿ, ನೀರಿನಲ್ಲಿ ಸಪ್ಪಳ ಮಾಡುತ್ತಾ ಬಂದು ಏರಿಯ ಕೆಳಗೆ ನಿಂತಳು.

"ಮಾವ, ನಂಗೆ ಈ ಮದ್ವೆ ಬೇಕು," ಅಂದಳು.

ರಂಗಮಾವ ಗುದ್ದಲಿ ಎತ್ತಿ ಹಾಕಿದ. ಒಂದು ಹೆಂಟೆ ಮಣ್ಣು ಜಾರಿತು. ಇನ್ನೊಂದು ಏಟಿಗೆ ಎತ್ತುವಷ್ಟರಲ್ಲಿ ಮುದುಕ ಅಳುತ್ತಿದ್ದ, ಚಿಕ್ಕ ಮಕ್ಕಳು ಅಳುವ ಹಾಗೆ, ಮೂಗು ಬಾಯಿ ಒಂದು ಮಾಡಿಕೊಂಡು. ತನ್ನ ತಂಗಿ ಸತ್ತಾಗಲೂ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.

ಚಪ್ಪರದಿಂದ ಚಿಕ್ಕಪ್ಪ ದಾಪುಗಾಲು ಹಾಕಿಕೊಂಡು ಬಂದ. ಜಗಳಕ್ಕೇ ಬಂದ ಎಂದುಕೊಂಡು ನಾನು ಅಡ್ಡ ಹೋದೆ. ನನ್ನನ್ನು ಪಕ್ಕಕ್ಕೆ ಸರಿಸಿ, ರೇಷ್ಮೆ ಪಂಚೆಯಲ್ಲೇ ಏರಿ ಹತ್ತಿ, ರಂಗಮಾವನ ಕೈಯಿಂದ ಗುದ್ದಲಿ ಕಿತ್ತುಕೊಂಡ.

"ನಿನ್ ಕೈಯಾಗೆ ಬ್ಯಾಡ ಬುಡು ಭಾವ," ಅಂದ. "ನೀನು ಅವಳ್ನ ಸಾಕಿದೀಯ. ಇದೊಂದು ಪಾಪ ನಂಗಿರ್ಲಿ."

ಹಾಕಿದ ನೋಡಿ ಏಟು! ತಾನೇ ಜೋಡಿಸಿದ ಕಲ್ಲುಗಳನ್ನು ತಾನೇ ಕಿತ್ತು ಎಸೆದ. ನೀರು ಭೋರೆಂದು ನುಗ್ಗಿತು, ಏರಿಯ ಮೇಲಿದ್ದವರೆಲ್ಲ ಕಿರುಚುತ್ತಾ ದಡಕ್ಕೆ ಹಾರಿದರು. ಚಿಕ್ಕಪ್ಪ ಎದೆಮಟ್ಟ ನೆನೆದು, ತಲೆಯ ಪೇಟ ಹೊಳೆಯ ಕಡೆ ತೇಲಿಹೋಗಿ, ಇನ್ನೂ ಬಗೆಯುತ್ತಲೇ ಇದ್ದ. ರಂಗಮಾವ ದಡದಲ್ಲಿ ನಿಂತು ಮೂಗು ಒರೆಸಿಕೊಂಡು, "ಒಂದೇ ಸಮ ಅಗೀಬೇಡ ಕಣ್ಲಾ, ಎಡಕ್ಕೆ ತೆಗಿ, ಎಡಕ್ಕೆ!" ಎಂದು ಕೂಗತೊಡಗಿದ.

ಎಂಟು ಗಂಟೆಗೆ ಅಂಗಳ ಖಾಲಿಯಾಯಿತು. ಕೆಸರಿನ ಮೇಲೆ ತೆಂಗಿನ ಗರಿ ಹಾಸಿದರು, ಗರಿಯ ಮೇಲೆ ಜಮಖಾನ, ಜಮಖಾನದ ಮೇಲೆ ಒದ್ದೆ ಹಸೆಮಣೆ. ಪ್ರಸನ್ನ ಬಾಸಿಂಗ ಕಟ್ಟಿಕೊಂಡು ಕೆಸರಿನಲ್ಲಿ ನಡೆದು ಬಂದು, ಇದ್ಯಾಕೆ ನಮ್ಮ ಕಾಂಪೌಂಡಿನ ಕಲ್ಲು ಹಳ್ಳದಲ್ಲಿದೆ ಎಂದು ಕೇಳಿದ. ಆಮೇಲೆ ಹೇಳ್ತೀವಿ ಕೂತ್ಕೋ ಅಂದೆವು. ಸೋದರಮಾವ ಹೆಣ್ಣನ್ನು ಎತ್ತಿ ತರಬೇಕು. ರಂಗಮಾವ ಆಶಾಳನ್ನು ಎತ್ತಿಕೊಂಡು ಒಂದು ಸಲವೂ ಜಾರದೆ ತಂದು ಹಸೆಯ ಮೇಲೆ ಕೂರಿಸಿದ. ಪಾಪಕ್ಕ ಹಾಡಿದಳು.

ಧಾರೆಯ ಹೊತ್ತು ಬಂತು. ಚಿಕ್ಕಪ್ಪ ಮಗಳ ಎದುರು ನಿಂತ. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮೊಣಕೈವರೆಗೆ ಕೆಸರು. ಮೊದಲು ಕೈ ತೊಳೆದುಕೊಳ್ಳಿ ಯಜಮಾನರೇ ಎಂದು ಪುರೋಹಿತರು ಅಂದರು.

"ಮುಹೂರ್ತ ಮೀರತ್ತೆ ಸ್ವಾಮಿ, ಇರ್ಲಿ ಬುಡಿ," ಎಂದು ಚಿಕ್ಕಪ್ಪ ಕೆಸರುಗೈಯಲ್ಲೇ ಚೊಂಬು ಎತ್ತಿ ಧಾರೆ ಎರೆದ.